ಹುಂಡಿ ಹಿಡಿದವಳು ಹೇಳುವ ಯುರೋಪ್

ಮೊದಲೇ ಹೇಳಿಬಿಡುತ್ತೇನೆ, ನಾನು ಊರೂರು ಸುತ್ತಿದವಳಲ್ಲ. ದಾವಣಗೆರೆಯಲ್ಲಿ ನಾಲ್ಕಾರು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುವುದು ನನ್ನ ಕಸುಬು. ಅಂಥವಳು 2025ರ ಮಾರ್ಚ್ 16ರ ರಾತ್ರಿ ಪಿಯುಸಿ ಕಾಲದ ನಾಲ್ವರು ಸ್ನೇಹಿತರ ಜೊತೆ ಬೆನ್ನಿಗೊಂದು ಚೀಲ ಏರಿಸಿಕೊಂಡು ಯುರೋಪಿಗೆ ಹೊರಟೆ. ಮಾರ್ಚ್ ತಿಂಗಳಲ್ಲಿ ಲೆಕ್ಕದವಳು ಊರು ಬಿಡುವುದೆಂದರೆ ಮದುವೆಯ ಕಾಲದಲ್ಲಿ ಅಡುಗೆ ಭಟ್ಟರು ರಜೆ ಹಾಕಿದ ಹಾಗೆ. ಆದರೆ ವಿಮಾನದ ಟಿಕೆಟ್ ಅಗ್ಗವಾಗಿ ಸಿಕ್ಕಿದ್ದು ಆ ತಿಂಗಳಿಗೇ.

ಸವಿತಾ, ನಜ್ಮಾ, ಮಂಜುನಾಥ, ಶ್ರೀಧರ, ನಾನು. ಪ್ಯಾರಿಸ್, ರೋಮ್, ಫ್ಲಾರೆನ್ಸ್, ವೆನಿಸ್, ವಿಯೆನ್ನಾ, ಬುಡಾಪೆಸ್ಟ್, ಪ್ರಾಗ್, ಕೊನೆಗೆ ಫ್ರಾಂಕ್‌ಫರ್ಟ್. ಎಲ್ಲರ ದುಡ್ಡು ಒಟ್ಟು ಹಾಕಿದ ಚೀಲ ನನ್ನ ಕೈಯಲ್ಲಿತ್ತು. ಅದಕ್ಕೆ ಹುಂಡಿ ಎಂದು ಹೆಸರಿಟ್ಟವನು ಮಂಜುನಾಥ.

ಊರಿಗೆ ಬಂದ ಮೇಲೆ ಲೆಕ್ಕದ ಪುಸ್ತಕ ತೆರೆದು, ಯೋಜನೆಯಲ್ಲಿ ಇಲ್ಲದ ಖರ್ಚುಗಳಿಗೆಲ್ಲ ಕೆಂಪು ಗೆರೆ ಎಳೆದೆ. ಕಳ್ಳತನವೊಂದನ್ನು ಬಿಟ್ಟರೆ ಮಳೆ, ಮುಷ್ಕರ, ಕಾಯಿಲೆಯಂಥ ದೊಡ್ಡ ಕಾರಣ ಯಾವುದಕ್ಕೂ ಇರಲಿಲ್ಲ. ಹೆಚ್ಚುಕಡಿಮೆ ಪ್ರತಿಯೊಂದರ ಪಕ್ಕದಲ್ಲೂ ಒಂದೇ ಮಾತು ಬರೆಯಬಹುದಿತ್ತು: “ಅದು ನಿನ್ನ ಹತ್ತಿರ ಇದೆ ಎಂದುಕೊಂಡಿದ್ದೆ.” ಒಬ್ಬರೇ ಹೋಗುವವರಿಗೆ ಈ ಕಾಟವಿಲ್ಲ. ಗುಂಪಾಗಿ ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ವೀಸಾ: ಗುಂಪು ಇರುವುದು ನಮ್ಮ ತಲೆಯಲ್ಲಿ ಮಾತ್ರ

ಷೆಂಗೆನ್ ವೀಸಾ ಒಂದು ಸಿಕ್ಕರೆ 29 ದೇಶಗಳಿಗೆ ಹೋಗಬಹುದು. ಬ್ರಿಟನ್ ಮತ್ತು ಐರ್ಲೆಂಡ್ ಇದರಲ್ಲಿ ಸೇರಿಲ್ಲ. ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಎಲ್ಲ ಕಡೆ ಸಮಸಮ ದಿನಗಳಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ನಾವು ಇಳಿದದ್ದು ಪ್ಯಾರಿಸ್ಸಿನಲ್ಲಾದರೂ ಇಟಲಿಯಲ್ಲಿ ಆರು ರಾತ್ರಿ ಇದ್ದುದರಿಂದ ಅರ್ಜಿ ಇಟಲಿಗೆ ಹೋಯಿತು. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. 15 ದಿನಕ್ಕಿಂತ ತಡ ಮಾಡುವಂತಿಲ್ಲ. ಶುಲ್ಕ 90 ಯೂರೊ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಾಗಿರಬೇಕು.

ಐವರೂ ಒಟ್ಟಿಗೇ ಹೋಗುತ್ತೇವೆ ಎನ್ನುವುದು ನಮ್ಮ ಖುಷಿ. ಅರ್ಜಿ ನೋಡುವವರಿಗೆ ಐದು ಬೇರೆ ಬೇರೆ ಕಡತಗಳು. ಪ್ರವಾಸಿಗಳು ಕೋಣೆ ಹಂಚಿಕೊಂಡು ತಂಗುವ ಹಾಸ್ಟೆಲ್‌ಗಳನ್ನೆಲ್ಲ ನನ್ನ ಹೆಸರಿನಲ್ಲಿ ಕಾದಿರಿಸಿ ಹೆಮ್ಮೆಪಟ್ಟುಕೊಂಡಿದ್ದೆ. ಬೆಂಗಳೂರಿನ ಕೌಂಟರಿನಲ್ಲಿ ಶ್ರೀಧರನನ್ನು ಕೇಳಿದರು, “ಇದರಲ್ಲಿ ನಿಮ್ಮ ಹೆಸರು ಎಲ್ಲಿದೆ?” ಅವತ್ತು ಮಧ್ಯಾಹ್ನವಿಡೀ ಪಕ್ಕದ ರಸ್ತೆಯ ಸೈಬರ್ ಅಂಗಡಿಯಲ್ಲಿ ಕೂತು ಏಳು ಊರಿನ ಹಾಸ್ಟೆಲ್‌ಗಳಿಗೆ ಮೇಲ್ ಬರೆದೆವು. ಪ್ರತಿ ರಸೀದಿಯಲ್ಲೂ ಐದು ಹೆಸರೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಇರಲಿ.

ನಮಗೆ ಗಡಿಯಲ್ಲಿ ಠಸ್ಸೆ ಒತ್ತಿ ಕಳಿಸಿದರು. 2025ರ ಅಕ್ಟೋಬರ್ 12ರಿಂದ ಠಸ್ಸೆಯ ಬದಲು ಬೆರಳಚ್ಚು ಮತ್ತು ಮುಖದ ಚಿತ್ರ ದಾಖಲಿಸುವ ಪದ್ಧತಿ ಶುರುವಾಗಿದೆ. ಇಳಿದ ತಕ್ಷಣ ಹಿಡಿಯಬೇಕಾದ ರೈಲೋ ಬಸ್ಸೋ ಇದ್ದರೆ ಸಮಯ ಧಾರಾಳವಾಗಿ ಇಟ್ಟುಕೊಳ್ಳಿ.

ಹುಂಡಿಯ ಕಟ್ಟಳೆಗಳು

ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಪ್ರವಾಸ ಮುಗಿದ ಮೇಲೆ ಮಾತು ಬಿಟ್ಟ ಗೆಳೆಯರನ್ನು ನಾನು ನೋಡಿದ್ದೇನೆ. ಅಂಥವರ ಜಗಳ ಬಹುತೇಕ ಕಾಫಿಯ ಬಿಲ್ಲಿನಿಂದಲೇ ಶುರುವಾಗಿರುತ್ತದೆ.

ಮೂರು ದಿನಕ್ಕೊಮ್ಮೆ ತಲಾ 100 ಯೂರೊ ಹುಂಡಿಗೆ. ಊರಿನೊಳಗಿನ ಬಸ್ಸು, ಮೆಟ್ರೊ, ದಿನಸಿ, ಸೇರಿ ಮಾಡುವ ಊಟ, ಲಾಕರ್ ಬಾಡಿಗೆ, ಶೌಚಾಲಯ ಇವೆಲ್ಲ ಅದರಿಂದ. ಶೌಚಾಲಯವೂ ಲೆಕ್ಕವೇ ಎಂದು ನಗಬೇಡಿ. ರೈಲು ನಿಲ್ದಾಣಗಳಲ್ಲಿ ಒಂದು ಸಲಕ್ಕೆ ಒಂದು ಯೂರೊವರೆಗೂ ಕೊಡಬೇಕಾಗುತ್ತದೆ, ಅದೂ ಕೆಲವೆಡೆ ಚಿಲ್ಲರೆಯಲ್ಲೇ. ಐವರಿಗೆ ದಿನಕ್ಕೆರಡು ಸಲ ಎಂದು ಗುಣಿಸಿ ನೋಡಿ. ಇನ್ನೊಂದು ಮರೆಯಬಾರದ ಖರ್ಚು ನಗರ ತೆರಿಗೆ. ಪ್ಯಾರಿಸ್, ರೋಮ್, ಫ್ಲಾರೆನ್ಸ್, ವೆನಿಸ್‌ನಂಥ ಊರುಗಳಲ್ಲಿ ಹಾಸ್ಟೆಲಿಗೆ ಮೊದಲೇ ಹಣ ಕಟ್ಟಿದ್ದರೂ ತಲೆಗಿಷ್ಟು, ರಾತ್ರಿಗಿಷ್ಟು ಎಂದು ಬಾಗಿಲಲ್ಲಿ ಬೇರೆ ಕೇಳುವುದುಂಟು.

ಬಿಯರ್, ವೈನ್, ಉಡುಗೊರೆ, ಎರಡನೆಯ ಐಸ್‌ಕ್ರೀಮ್ ಹುಂಡಿಯಿಂದ ಇಲ್ಲ. ಸವಿತಾ ಮೊಟ್ಟೆಯನ್ನೂ ಮುಟ್ಟದವಳು, ಮಂಜುನಾಥ ಊರೂರಿನ ಬಿಯರ್ ರುಚಿ ನೋಡಲೇಬೇಕು ಎನ್ನುವವನು. ಇಬ್ಬರ ಬಿಲ್ಲನ್ನೂ ಐದು ಪಾಲು ಮಾಡಿದ್ದರೆ ವೆನಿಸ್ ಮುಟ್ಟುವ ಮೊದಲೇ ನಾವು ಎರಡು ಪಕ್ಷವಾಗುತ್ತಿದ್ದೆವು. ರಾತ್ರಿ ಮಲಗುವ ಮುನ್ನ ಉಳಿಕೆ ಎಷ್ಟೆಂದು ಗಟ್ಟಿಯಾಗಿ ಓದುತ್ತಿದ್ದೆ. ಪಂಚಾಂಗ ಶ್ರವಣ ಎಂದು ಗೇಲಿ ಮಾಡುತ್ತಿದ್ದರು. ಮಾಡಲಿ.

ಎಟಿಎಂನಲ್ಲಿ ಯಂತ್ರವು “ರೂಪಾಯಿಯಲ್ಲೇ ಲೆಕ್ಕ ಹಾಕಲೇ?” ಎಂದು ಉಪಕಾರ ಮಾಡುವವರ ಹಾಗೆ ಕೇಳುತ್ತದೆ. ಬೇಡ ಎನ್ನಿ. ಅವರ ದರದಲ್ಲಿ ಅವರ ಲಾಭ ಸೇರಿರುತ್ತದೆ. ಆಯಾ ಊರಿನ ಹಣದಲ್ಲೇ ಕಡಿತವಾಗಲಿ. ಹಂಗೆರಿಯಲ್ಲಿ ಫೋರಿಂಟ್, ಚೆಕ್ ಗಣರಾಜ್ಯದಲ್ಲಿ ಕೊರುನಾ ನಡೆಯುತ್ತದೆ, ಯೂರೊ ಅಲ್ಲ. ಯೂರೊ ತುಂಬಿಸಿದ ಫೋರೆಕ್ಸ್ ಕಾರ್ಡನ್ನು ಅಲ್ಲಿ ಉಜ್ಜಿದರೆ ಯೂರೊದಿಂದ ಮತ್ತೊಮ್ಮೆ ಪರಿವರ್ತನೆಯಾಗಿ ಅದಕ್ಕೂ ಶುಲ್ಕ ಬೀಳುತ್ತದೆ. ವರ್ಷವಿಡೀ ಬೇರೆಯವರ ಲೆಕ್ಕ ತಿದ್ದುವ ನನಗೆ ಇದು ಗೊತ್ತಾದದ್ದು ಬುಡಾಪೆಸ್ಟಿನಲ್ಲಿ ಮೂರನೆಯ ಸಲ ಉಜ್ಜಿದ ಮೇಲೆ.

ಚೀಲ

40 ಲೀಟರಿನ ಬೆನ್ನುಚೀಲ ಸಾಕು, ತೂಕ ಎಂಟೊಂಬತ್ತು ಕಿಲೋ ದಾಟದಿರಲಿ. ಸವಿತಾ ಗಾಲಿಯ ಸೂಟ್‌ಕೇಸ್ ತಂದಳು. ನಾನ್ನೂರಕ್ಕೂ ಹೆಚ್ಚು ಸೇತುವೆಗಳಿರುವ, ಬಹುತೇಕ ಸೇತುವೆಗೆ ಮೆಟ್ಟಿಲಿರುವ ವೆನಿಸ್‌ನಲ್ಲಿ ಆ ಗಾಲಿಗಳು ಉರುಳಿದ್ದಕ್ಕಿಂತ ನಮ್ಮ ಹೆಗಲೇರಿದ್ದೇ ಹೆಚ್ಚು.

ನಮ್ಮ ಮನೆಯ ಮೂರು ದುಂಡು ಕಡ್ಡಿಯ ಪ್ಲಗ್ ಅಲ್ಲಿನ ಗೋಡೆಗೆ ಕೂರುವುದಿಲ್ಲ. ಐವರೂ ಒಂದೊಂದು ಅಡಾಪ್ಟರ್ ಕೊಳ್ಳುವ ಬದಲು ಒಂದು ಒಳ್ಳೆಯ ಅಡಾಪ್ಟರ್, ಅದಕ್ಕೆ ಮನೆಯಿಂದ ತಂದ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಸಿಕ್ಕಿಸಿ. ವಿದ್ಯುತ್ತು ನಮ್ಮಲ್ಲಿರುವಂತೆ 230 ವೋಲ್ಟೇ. ಎಂಟು ಹಾಸಿಗೆಯ ಕೋಣೆಯಲ್ಲಿ ಎರಡೇ ಪ್ಲಗ್ ಇದ್ದ ರಾತ್ರಿ ನಮ್ಮ ಬೋರ್ಡಿನ ಸುತ್ತ ಪರದೇಶದವರೂ ಬಂದು ಕೂತಿದ್ದರು. ಹಾಸ್ಟೆಲ್ ಲಾಕರಿಗೆ ಬೀಗ ನಿಮ್ಮದೇ ಬೇಕು. ಟವೆಲ್‌ಗೆ ಬಾಡಿಗೆ ಕೇಳುತ್ತಾರೆ, ಆದ್ದರಿಂದ ತೆಳ್ಳನೆಯದೊಂದು ಪಂಜೆ ಇರಲಿ. ಇನ್ನು ಚೊಂಬಿನ ವಿಷಯ. ಅಲ್ಲಿ ಕಾಗದವೇ ಗತಿ. ಅರ್ಧ ಲೀಟರಿನ ಖಾಲಿ ಬಾಟಲಿಯೊಂದನ್ನು ಜೊತೆಗಿಟ್ಟುಕೊಂಡರೆ ಮಾನಸಿಕ ನೆಮ್ಮದಿ ಕಾಪಾಡಿಕೊಳ್ಳಬಹುದು. ಇಷ್ಟು ಸಾಕು.

ಪ್ಯಾರಿಸ್ಸಿನಿಂದ ರೋಮಿಗೆ, ಮೂರು ಸ್ವೆಟರ್ ಹಾಕಿಕೊಂಡು

ಪ್ಯಾರಿಸ್ಸಿನ ಬಗ್ಗೆ ಒಂದೇ ಮಾತು. ಲೂವ್ರ್ ವಸ್ತುಸಂಗ್ರಹಾಲಯ ಮಂಗಳವಾರ ಮುಚ್ಚಿರುತ್ತದೆ, ನಾವು ಅದಕ್ಕೆ ಹೊರಟದ್ದೂ ಮಂಗಳವಾರವೇ. ಆ ಸಿಟ್ಟಿನಲ್ಲಿ ನಡೆಯುತ್ತ ನಾತ್ರ್ ದಾಮ್‌ಗೆ ಹೋದೆವು. 2019ರ ಏಪ್ರಿಲ್‌ನಲ್ಲಿ ಹೊತ್ತಿ ಉರಿದು, 2024ರ ಡಿಸೆಂಬರಿನಲ್ಲಿ ಮತ್ತೆ ತೆರೆದ ಚರ್ಚು. ಪ್ರವೇಶ ಉಚಿತ. ಹಳೆಯದೆಂದರೆ ಮಸಿ ಹಿಡಿದಿರುತ್ತದೆ ಎಂದು ನಾನು ಭಾವಿಸಿದ್ದೆ. ಒಳಗೆ ತೊಳೆದ ಕಲ್ಲು ಬೆಣ್ಣೆಯ ಬಣ್ಣದಲ್ಲಿ ಬೆಳಗುತ್ತಿತ್ತು. ಪ್ಯಾರಿಸ್ಸಿನಲ್ಲಿ ಹುಂಡಿಗೆ ಒಂದು ಪೈಸೆ ಖರ್ಚಿಲ್ಲದೆ ಕಳೆದ ಎರಡು ಗಂಟೆ ಅದು.

ಪ್ಯಾರಿಸ್ಸಿನಿಂದ ಇಟಲಿಗೆ ರೈಲಿನಲ್ಲಿ ಹೋಗಬೇಕೆಂದಿದ್ದೆವು. 2023ರ ಆಗಸ್ಟ್‌ನಲ್ಲಿ ಆಲ್ಪ್ಸ್ ಕಣಿವೆಯಲ್ಲಿ ಗುಡ್ಡ ಜರಿದು ಆ ಮಾರ್ಗ ಮುಚ್ಚಿತ್ತು. ಅದು ಪ್ರಯಾಣಿಕರಿಗೆ ಮತ್ತೆ ತೆರೆದದ್ದು 2025ರ ಮಾರ್ಚ್ ಕೊನೆಗೆ, ನಾವು ದಾಟಿಹೋದ ಹತ್ತು ದಿನಕ್ಕೆ. ಹಾಗಾಗಿ ಅಗ್ಗದ ವಿಮಾನ. ಈ ಅಗ್ಗದ ವಿಮಾನಗಳ ಲೆಕ್ಕ ನನ್ನಿಂದ ಕೇಳಿ. ಟಿಕೆಟ್ಟಿನ ಮೇಲಿರುವ ಬೆಲೆ ಬರೀ ಮೈಗೆ. ಸೀಟಿನ ಕೆಳಗೆ ಹೋಗುವ ಪುಟ್ಟ ಚೀಲಕ್ಕಿಂತ ದೊಡ್ಡದಿದ್ದರೆ ಬೇರೆ ದುಡ್ಡು, ಅದನ್ನು ಬಾಗಿಲಲ್ಲಿ ಕಟ್ಟಿದರೆ ಇನ್ನೂ ಹೆಚ್ಚು. ವಿಮಾನ ನಿಲ್ದಾಣ ಎಲ್ಲಿದೆ ಎಂಬುದನ್ನೂ ನೋಡಬೇಕು. ಪ್ಯಾರಿಸ್ ಹೆಸರನ್ನು ಹೊತ್ತ ಬೋವೆ ನಿಲ್ದಾಣ ನಗರದಿಂದ ಸುಮಾರು 85 ಕಿಲೋಮೀಟರ್ ದೂರ. ದಾವಣಗೆರೆಯಿಂದ ಹೊರಟವರು ಚಿತ್ರದುರ್ಗ ದಾಟಿ ಹಿರಿಯೂರಿನ ಹಾದಿ ಹಿಡಿದಿರುವಷ್ಟು. ಬಸ್ಸಿನ ಖರ್ಚು, ಚೀಲದ ಖರ್ಚು ಕೂಡಿಸಿಯೇ ಟಿಕೆಟ್ ಹೋಲಿಸಿ.

ನಾವು ಕೂಡಿಸಿರಲಿಲ್ಲ. ಬಾಗಿಲ ಬಳಿ ಅಳತೆಯ ಚೌಕಟ್ಟಿನೊಳಗೆ ಮಂಜುನಾಥನ ಚೀಲ ಹೋಗಲಿಲ್ಲ. ಅವನು ಅಲ್ಲೇ ನಿಂತು ಮೂರು ಸ್ವೆಟರ್ ಒಂದರ ಮೇಲೊಂದು ಹಾಕಿಕೊಂಡ, ಕ್ಯಾಮೆರಾದ ಲೆನ್ಸ್‌ಗಳನ್ನು ಜೇಬಿಗೆ ತುರುಕಿದ. ಚೀಲ ಹೋಯಿತು, ಅವನು ಸೀಟಿನಲ್ಲಿ ಹಿಡಿಸುವುದೇ ಕಷ್ಟವಾಯಿತು.

ನಜ್ಮಾಳ ಝೆರಾಕ್ಸ್ ಕಟ್ಟು

ರೋಮಿನಲ್ಲಿ ಎರಡನೆಯ ಬೆಳಿಗ್ಗೆ, ಕಿಕ್ಕಿರಿದ ಸಿಟಿ ಬಸ್ಸಿನಲ್ಲಿ ಮಂಜುನಾಥನ ಮೊಬೈಲ್ ಹೋಯಿತು. ನಾವು ಹೋಗುತ್ತಿದ್ದದ್ದು ಪುರಾತನ ಕ್ರೀಡಾಂಗಣ ಕೊಲೋಸಿಯಮ್‌ಗೆ. ಅಲ್ಲಿನ ಟಿಕೆಟ್ ಮೇಲೆ ಹೆಸರು ಇರುತ್ತದೆ, ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋಗಬೇಕು. ಐದೂ ಟಿಕೆಟ್ ಅವನ ಮೊಬೈಲಿನಲ್ಲಿ. ಮೇಲ್ ತೆರೆಯಲು ಇನ್ನೊಬ್ಬರ ಮೊಬೈಲಿನಿಂದ ಪ್ರಯತ್ನಿಸಿದರೆ ಗುರುತಿನ ಸಂಖ್ಯೆ ಹೋಗುವುದು ಕಳೆದುಹೋದ ಮೊಬೈಲಿಗೇ. ಬ್ಯಾಂಕಿನ ಒಟಿಪಿ ಕತೆಯೂ ಅಷ್ಟೇ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಹಾಗೆ.

ಆಗ ನಜ್ಮಾ ಏನೂ ಮಾತಾಡದೆ ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದಳು. ಹೊರಡುವ ಹಿಂದಿನ ದಿನ ದಾವಣಗೆರೆಯಲ್ಲಿ ಎಲ್ಲ ಟಿಕೆಟ್, ರಸೀದಿ, ವೀಸಾ, ವಿಮೆಯ ಪುಟಗಳನ್ನು ಎರಡೆರಡು ಪ್ರತಿ ತೆಗೆಸಿದ್ದಳು. ಒಂದು ಕಟ್ಟು ಅವಳಲ್ಲಿ, ಇನ್ನೊಂದು ಶ್ರೀಧರನಲ್ಲಿ. “ಈ ಕಾಲದಲ್ಲಿ ಝೆರಾಕ್ಸಾ?” ಎಂದು ವಿಮಾನದಲ್ಲಿ ಅವಳನ್ನು ಎಲ್ಲರಿಗಿಂತ ಹೆಚ್ಚು ಆಡಿಕೊಂಡವನು ಮಂಜುನಾಥನೇ.

ಆದ್ದರಿಂದ ಕಟ್ಟಳೆ: ಯಾವುದೇ ಟಿಕೆಟ್ ಇಬ್ಬರ ಮೊಬೈಲಿನಲ್ಲಿರಬೇಕು, ಒಬ್ಬರ ಕೈಯಲ್ಲಿ ಕಾಗದದಲ್ಲಿರಬೇಕು. ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡ್ ಇರಲಿ, ಎರಡನ್ನೂ ಒಂದೇ ಜೇಬಿನಲ್ಲಿ ಇಡಬೇಡಿ. ಕಳ್ಳತನವಾದರೆ ಮೊದಲು ಸಿಮ್ ಮತ್ತು ಕಾರ್ಡ್ ನಿಲ್ಲಿಸಿ, ಆಮೇಲೆ ಠಾಣೆಗೆ ಹೋಗಿ ದೂರು ಬರೆಸಿ. ಇಟಲಿಯಲ್ಲಿ ಇದಕ್ಕೆ ‘ದೆನುಂಚ’ ಎನ್ನುತ್ತಾರೆ. ಆ ಕಾಗದವಿಲ್ಲದೆ ವಿಮೆಯವರು ಸಾಮಾನ್ಯವಾಗಿ ಮಾತೇ ಆಡುವುದಿಲ್ಲ. ತುರ್ತು ಸಂದರ್ಭಕ್ಕೆ ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲೂ ಸಂಖ್ಯೆ 112. ಪಾಸ್‌ಪೋರ್ಟೇ ಹೋದರೆ ಪೊಲೀಸ್ ದೂರಿನ ಪ್ರತಿಯೊಂದಿಗೆ ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕು; ಊರಿಗೆ ಮರಳಲು ತುರ್ತು ಪ್ರಮಾಣಪತ್ರ ಕೊಡುತ್ತಾರೆ.

ರೋಮಿನಲ್ಲಿ ನೀರಿಗೆ ದುಡ್ಡು ಕೊಡಬೇಡಿ. ಬೀದಿ ಬೀದಿಯಲ್ಲಿ ಸದಾ ಹರಿಯುವ ಕಬ್ಬಿಣದ ನಲ್ಲಿಗಳಿವೆ, ‘ನಜೋನಿ’ ಎಂದು ಹೆಸರು. ಕೊಳವೆಯ ತುದಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ತೂತಿನಿಂದ ಕಾರಂಜಿಯಂತೆ ಚಿಮ್ಮುತ್ತದೆ. ಶ್ರೀಧರ ಮಕ್ಕಳ ಹಾಗೆ ಪ್ರತಿ ನಲ್ಲಿಯ ಮುಂದೆಯೂ ನಿಲ್ಲುತ್ತಿದ್ದ.

ಟಿಕೆಟ್ ಇದೆ, ಮುದ್ರೆ ಇಲ್ಲ

ಫ್ಲಾರೆನ್ಸ್‌ನಿಂದ ಪೀಸಾಕ್ಕೆ ಒಂದು ದಿನ ಹೋಗಿಬರಲು ಸಾಧಾರಣ ರೈಲಿನ ಕಾಗದದ ಟಿಕೆಟ್ ಕೊಂಡೆವು. ಇಟಲಿಯ ಪ್ರಾದೇಶಿಕ ರೈಲುಗಳ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಪುಟ್ಟ ಯಂತ್ರದಲ್ಲಿ ಸಮಯದ ಮುದ್ರೆ ಒತ್ತಿಸಬೇಕು. ಒತ್ತಿಸದಿದ್ದರೆ ಕೈಯಲ್ಲಿರುವುದು ಟಿಕೆಟ್ ಅಲ್ಲ, ಬರೀ ಕಾಗದ. ಇದು ನಮಗೆ ಗೊತ್ತಿತ್ತು ಎನ್ನುವುದೇ ಸಂಕಟ. ನಾನು ಟಿಕೆಟ್ ಕೊಂಡು ಮಂಜುನಾಥನ ಕೈಗೆ ಕೊಟ್ಟೆ. ಅವನು ಸವಿತಾಳಿಗೆ ದಾಟಿಸಿ ಫೋಟೊ ತೆಗೆಯಲು ಹೋದ. ಅವಳು ಮುದ್ರೆ ಆಗಿಯೇ ಬಂದಿದೆ ಎಂದುಕೊಂಡಳು. ಐದು ಜನ, ಐದು ದಂಡ. ತನಿಖೆಯವರು ಅತ್ಯಂತ ವಿನಯದಿಂದ ರಸೀದಿ ಬರೆದುಕೊಟ್ಟರು. ವಾಲಿದ ಗೋಪುರದ ಮುಂದೆ ತೆಗೆದ ನಮ್ಮ ಫೋಟೊದಲ್ಲಿ ಗೋಪುರಕ್ಕಿಂತ ಹೆಚ್ಚು ವಾಲಿರುವುದು ನಮ್ಮ ಮುಖಗಳೇ. ಪ್ರಾಗ್‌ನ ಮೆಟ್ರೊ ಮತ್ತು ಟ್ರಾಮಿನ ಕಾಗದದ ಟಿಕೆಟ್ಟಿಗೂ ಹೀಗೆಯೇ ಮುದ್ರೆ ಬೇಕು.

ಅವತ್ತಿನಿಂದ ಒಂದು ಪದ್ಧತಿ ಮಾಡಿಕೊಂಡೆವು. ಕೈ ಬದಲಾಗುವ ಯಾವುದೇ ವಸ್ತುವಿಗೆ ಕೊಡುವವರು “ಮುದ್ರೆ ಆಗಿಲ್ಲ” ಎಂದೋ “ಆಗಿದೆ” ಎಂದೋ ಬಾಯಿಬಿಟ್ಟು ಹೇಳಬೇಕು, ತೆಗೆದುಕೊಳ್ಳುವವರು ಅದನ್ನೇ ತಿರುಗಿ ಹೇಳಬೇಕು. ಬಸ್ಸಿನಲ್ಲಿ ಕಂಡಕ್ಟರ್ ಸೀಟಿ ಊದಿ “ರೈಟ್” ಎನ್ನದೆ ಡ್ರೈವರ್ ಗೇರ್ ಹಾಕುವುದಿಲ್ಲವಲ್ಲ, ಹಾಗೆ.

ರೈಲು ಪಾಸಿನ ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ. ಯುರೋಪಿನಲ್ಲಿ ನೆಲೆಸಿಲ್ಲದವರಿಗೆ ಯೂರೇಲ್ ಗ್ಲೋಬಲ್ ಪಾಸ್ ಸಿಗುತ್ತದೆ. 33 ದೇಶಗಳಲ್ಲಿ ನಡೆಯುತ್ತದೆ, 27 ವರ್ಷದವರೆಗಿನವರಿಗೆ ರಿಯಾಯಿತಿ ಇದೆ. ನಮಗೆ ಆ ಭಾಗ್ಯ ಎಂದೋ ತಪ್ಪಿತ್ತು. ಕಣ್ಣು ಮುಚ್ಚಿ ದೊಡ್ಡ ಪಾಸ್ ಕೊಳ್ಳಬೇಡಿ. ಫ್ರಾನ್ಸ್, ಇಟಲಿ, ಸ್ಪೇನ್‌ನ ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಸೀಟು ಕಾದಿರಿಸಲು ಬೇರೆ ಹಣ ಕಟ್ಟಲೇಬೇಕು. ಜರ್ಮನಿ, ಆಸ್ಟ್ರಿಯಾದ ಹೆಚ್ಚಿನ ಹಗಲು ರೈಲುಗಳಲ್ಲಿ ಆ ಕಡ್ಡಾಯವಿಲ್ಲ. ನಾವು ಇಟಲಿಯೊಳಗೆ ಬಿಡಿ ಟಿಕೆಟ್ ಕೊಂಡು, ಒಂದು ತಿಂಗಳಲ್ಲಿ ನಾಲ್ಕು ದಿನದ ಪಾಸನ್ನು ವೆನಿಸ್‌–ವಿಯೆನ್ನಾ, ವಿಯೆನ್ನಾ–ಬುಡಾಪೆಸ್ಟ್, ಬುಡಾಪೆಸ್ಟ್‌–ಪ್ರಾಗ್, ಪ್ರಾಗ್‌–ಫ್ರಾಂಕ್‌ಫರ್ಟ್‌ಗೆ ಇಟ್ಟುಕೊಂಡೆವು.

ವೆನಿಸ್‌ನಿಂದ ವಿಯೆನ್ನಾಕ್ಕೆ ಹಗಲಲ್ಲೇ ಹೋಗಿ. ರಾತ್ರಿ ರೈಲು ಹಿಡಿದರೆ ಹಾಸ್ಟೆಲ್ ದುಡ್ಡು ಉಳಿಯುತ್ತದೆ ಎಂದು ನಾನೇ ವಾದಿಸಿದ್ದೆ, ಸೋತದ್ದು ಒಳ್ಳೆಯದಾಯಿತು. ಕೊನೆಯ ಘಟ್ಟದಲ್ಲಿ ಸೆಮ್ಮರಿಂಗ್ ಬರುತ್ತದೆ. 1848ರಿಂದ 1854ರ ನಡುವೆ ಕಟ್ಟಿದ 41 ಕಿಲೋಮೀಟರ್ ಬೆಟ್ಟದ ಹಾದಿ, ಕಾರ್ಲ್ ಫಾನ್ ಗೇಗ ಎಂಬ ಎಂಜಿನಿಯರನ ಕೆಲಸ, ಈಗ ವಿಶ್ವ ಪರಂಪರೆಯ ತಾಣ. ಎರಡಂತಸ್ತಿನ ಕಲ್ಲಿನ ಕಮಾನು ಸೇತುವೆಗಳ ಮೇಲೆ ರೈಲು ಬಳುಕುತ್ತ ಇಳಿಯುವಾಗ ಬಂಡೆಗಳ ನೆರಳಿನಲ್ಲಿ ಇನ್ನೂ ಹಿಮವಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಟ್ಟ ಇಳಿಯುವಾಗಿನ ಹಾಗೆ ನಾವೆಲ್ಲ ಒಂದೇ ಕಿಟಕಿಗೆ ಮುತ್ತಿಕೊಂಡೆವು. ಬೆಟ್ಟದ ಅಡಿಯಲ್ಲಿ ಉದ್ದನೆಯ ಹೊಸ ಸುರಂಗ ಸಿದ್ಧಪಡಿಸುತ್ತಿದ್ದಾರೆ. ಅದು ಮುಗಿದರೆ ವೇಗದ ರೈಲುಗಳು ಕತ್ತಲಲ್ಲೇ ದಾಟಿಬಿಡುತ್ತವೆ.

ಊಟ, ಮತ್ತು ವಿಯೆನ್ನಾದ ಯುಗಾದಿ

ಯುರೋಪಿಯನ್ ಒಕ್ಕೂಟದೊಳಗೆ ಹೊರಗಿನಿಂದ ಮಾಂಸ ಮತ್ತು ಹಾಲಿನ ಪದಾರ್ಥ ಒಯ್ಯುವಂತಿಲ್ಲ. ತುಪ್ಪ ಇಲ್ಲ, ಧಾರವಾಡ ಪೇಡೆಯೂ ಇಲ್ಲ. ತಾಜಾ ಸೊಪ್ಪು, ಹಣ್ಣು, ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಅಂದರೆ ಕರಿಬೇವು ಚೀಲದಲ್ಲಿ ಬೇಡ. ಒಗ್ಗರಣೆ ಹಾಕಿದ ಗೊಜ್ಜವಲಕ್ಕಿ, ಶೇಂಗಾ ಚಟ್ನಿಪುಡಿ, ಮೆಂತ್ಯದ ಹಿಟ್ಟು, ಬೆಲ್ಲಕ್ಕೆ ತೊಂದರೆಯಾಗಲಿಲ್ಲ. ಬಿಸಿನೀರಿನ ಕೆಟಲ್ ಹಾಸ್ಟೆಲ್ ಅಡುಗೆಮನೆಯಲ್ಲಿ ಇರುತ್ತದೆ.

ಸವಿತಾಳಂಥವರಿಗೆ ಎರಡು ಎಚ್ಚರಿಕೆ. ಫ್ರಾನ್ಸಿನ ಈರುಳ್ಳಿ ಸೂಪಿಗೆ ಸಾಮಾನ್ಯವಾಗಿ ದನದ ಮೂಳೆಯ ಸಾರು ಹಾಕುತ್ತಾರೆ. ಪಾರ್ಮಿಜಾನೊ ಚೀಸ್ ಹೆಪ್ಪುಗಟ್ಟುವುದು ಕರುವಿನ ಹೊಟ್ಟೆಯ ಕಿಣ್ವದಿಂದ. ಇಟಲಿಯಲ್ಲಿ ‘ಮರಿನಾರ’ ಪಿಜ್ಜಾ ಕೇಳಿ: ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಚೀಸೇ ಇಲ್ಲ, ಬೆಲೆಯೂ ಕಡಿಮೆ. ಅದರ ಮೇಲೆ ಚಟ್ನಿಪುಡಿ ಉದುರಿಸುವಾಗ ಬಾಣಸಿಗನಿಗೆ ಬೆನ್ನು ಮಾಡಿ ಕೂರಿ.

ಈಗ ಯುಗಾದಿ. 2025ರಲ್ಲಿ ಅದು ಮಾರ್ಚ್ 30, ಭಾನುವಾರ. ಸವಿತಾಳ ಅಮ್ಮ ಬೇವಿನ ಕುಡಿಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದರು. ಮೇಲಿನ ನಿಯಮದ ಭಯಕ್ಕೆ ಬೆಂಗಳೂರಿನಲ್ಲೇ ತೆಗೆದಿಟ್ಟೆವು, ಬೆಲ್ಲ ಮಾತ್ರ ಬಂತು. ವಿಯೆನ್ನಾದಲ್ಲಿ ಶನಿವಾರವೇ ಹಬ್ಬಕ್ಕೆ ಏನಾದರೂ ಕೊಳ್ಳಬೇಕಿತ್ತು. ಆಸ್ಟ್ರಿಯಾದಲ್ಲಿ ಶನಿವಾರ ಸಂಜೆ ಆರಕ್ಕೆ ಅಂಗಡಿ ಬಾಗಿಲು ಹಾಕಿದರೆ ತೆಗೆಯುವುದು ಸೋಮವಾರವೇ. ನಾನು ನಜ್ಮಾ ಕೊಂಡಿದ್ದಾಳೆ ಎಂದುಕೊಂಡೆ, ಅವಳು ನಾನು ಕೊಂಡಿದ್ದೇನೆ ಎಂದುಕೊಂಡಳು. ಮತ್ತೆ ಅದೇ.

ಬೆಳಿಗ್ಗೆ ಬುಡಾಪೆಸ್ಟ್ ರೈಲು. ಎಲ್ಲರನ್ನೂ ಎಬ್ಬಿಸುವ ಕೆಲಸ ಶ್ರೀಧರನದು. ಅವನ ಕೈಯಲ್ಲಿರುವುದು ಅಪ್ಪನ ಎಚ್‌ಎಂಟಿ, ದಿನಾ ಕೀ ಕೊಡಬೇಕಾದದ್ದು, ನಲವತ್ತು ವರ್ಷದಿಂದ ಒಂದು ನಿಮಿಷ ಹಿಂದೆ ಮುಂದೆ ಆಗಿಲ್ಲ ಎಂದು ಅವನ ಪ್ರತಿಜ್ಞೆ. ಹದಿನಾಲ್ಕು ದಿನ ಅದು ನಮ್ಮನ್ನು ಸರಿಯಾಗಿಯೇ ಎಬ್ಬಿಸಿತ್ತು. ಅವನಿದ್ದಾನಲ್ಲ ಎಂದು ನಾವು ಯಾರೂ ಅಲಾರಂ ಇಡುತ್ತಿರಲಿಲ್ಲ. ಮೊಬೈಲ್‌ಗಳೆಲ್ಲ ಮೂಲೆಯಲ್ಲಿ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಕೊಂಡಿದ್ದವು. ಶಾಂತವಾಗಿ ಎದ್ದೆವು, ತಲೆಗೆ ಎಣ್ಣೆ ಇಟ್ಟುಕೊಂಡೇ ಸ್ನಾನ ಮಾಡಿದೆವು, ಟ್ರಾಮ್ ಹತ್ತಿ ಸ್ಟೇಷನ್ನಿಗೆ ಬಂದೆವು. ಪ್ಲಾಟ್‌ಫಾರ್ಮಿನ ದೊಡ್ಡ ಗಡಿಯಾರ ಎಚ್‌ಎಂಟಿಗಿಂತ ಸರಿಯಾಗಿ ಒಂದು ಗಂಟೆ ಮುಂದಿತ್ತು.

ಯುರೋಪಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ನಸುಕಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ವಿಯೆನ್ನಾದಲ್ಲಿ ಎರಡು ಗಂಟೆ ಹೊಡೆಯುವ ಬದಲು ಮೂರಾಗುತ್ತದೆ. ಅಕ್ಟೋಬರಿನ ಕೊನೆಯ ಭಾನುವಾರ ಹಿಂದಕ್ಕೆ. ಮೊಬೈಲಿಗೆ ಇದು ತಾನಾಗಿಯೇ ಗೊತ್ತಾಗುತ್ತದೆ. ಬೆಂಗಳೂರಿನ ಕಾರ್ಖಾನೆಯಿಂದ ಬಂದ ಎಚ್‌ಎಂಟಿಗೆ ಹೇಗೆ ಗೊತ್ತಾಗಬೇಕು? ಶ್ರೀಧರ ಗಡಿಯಾರವನ್ನು ಕಿವಿಗಿಟ್ಟುಕೊಂಡು ಓಡುತ್ತಿದೆಯೇ ಎಂದು ಕೇಳಿದ. ಓಡುತ್ತಿತ್ತು. ಹೊಸ ಸಂವತ್ಸರ ವಿಶ್ವಾವಸು ನಮ್ಮ ಒಂದು ಗಂಟೆಯನ್ನು ನುಂಗಿಕೊಂಡೇ ಶುರುವಾಯಿತು.

ನಷ್ಟವಾದದ್ದು ಸೀಟು ಕಾದಿರಿಸಿದ ಹಣ ಮಾತ್ರ. ಈ ಮಾರ್ಗದಲ್ಲಿ ಸೀಟು ಕಡ್ಡಾಯವಲ್ಲದ್ದರಿಂದ ಪಾಸ್ ತೋರಿಸಿ ಮುಂದಿನ ರೈಲು ಹತ್ತಬಹುದಿತ್ತು. ಇದೇ ತಪ್ಪು ಪ್ಯಾರಿಸ್ಸಿನಲ್ಲಿ ಆಗಿದ್ದರೆ ಹುಂಡಿ ಬರಿದಾಗುತ್ತಿತ್ತು. ಕಾಯುವ ಹೊತ್ತಿನಲ್ಲಿ ಸ್ಟೇಷನ್ನಿನೊಳಗಿನ ದಿನಸಿ ಅಂಗಡಿ ತೆರೆದಿರುವುದು ಕಂಡಿತು. ದೊಡ್ಡ ರೈಲು ನಿಲ್ದಾಣದೊಳಗಿನವು ಭಾನುವಾರವೂ ತೆರೆದಿರುತ್ತವೆ, ನೆನಪಿಡಿ. ನಜ್ಮಾ ತರಕಾರಿ ಸಾಲಿನಿಂದ ಕಡುಗೆಂಪು ಎಲೆಕೋಸಿನಂಥ ಗಡ್ಡೆಯೊಂದನ್ನು ಎತ್ತಿಕೊಂಡು ಬಂದಳು. “ವೆನಿಸ್‌ನಲ್ಲಿ ಸಲಾಡಿಗೆ ಹಾಕಿದ್ದರಲ್ಲ, ನೀವೆಲ್ಲ ಮುಖ ಸಿಂಡರಿಸಿದಿರಲ್ಲ, ಅದೇ ಇದು.” ರಡಿಕ್ಕಿಯೊ. ಅಗಿದರೆ ಮೊದಲು ಏನೂ ಇಲ್ಲ, ಆಮೇಲೆ ನಾಲಿಗೆಯ ಹಿಂಬದಿಯಿಂದ ಕಹಿ ಏರುತ್ತದೆ.

ರೈಲು ವಿಯೆನ್ನಾ ದಾಟಿ ಗಾಳಿಯಂತ್ರಗಳು ಸಾಲುಗಟ್ಟಿದ ಬಯಲಿಗೆ ಬಂದಾಗ ಸವಿತಾ ಮಡಚುವ ಮೇಜಿನ ಮೇಲೆ ಎಲೆ ಹರಿದು, ಬೆಲ್ಲ ಜಜ್ಜಿ, ಐದು ಪಾಲು ಮಾಡಿದಳು. ಶತಾಯುರ್ವಜ್ರದೇಹಾಯ ಶ್ಲೋಕ ಅವಳಿಗೆ ಅರ್ಧ ಬರುತ್ತಿತ್ತು, ಶ್ರೀಧರನಿಗೆ ಇನ್ನರ್ಧ. ಎದುರು ಸೀಟಿನ ಹಂಗೆರಿಯ ಮುದುಕರು ಕೈ ಚಾಚಿದರು, ಅವರಿಗೂ ಒಂದು ಎಲೆ ಕೊಟ್ಟೆವು. ಎಲೆಯನ್ನು ಬದಿಗಿಟ್ಟು ಬೆಲ್ಲವನ್ನಷ್ಟೇ ಬಾಯಿಗೆ ಹಾಕಿಕೊಂಡರು. ಎಲ್ಲ ದೇಶದಲ್ಲೂ ಮಕ್ಕಳು ಮುದುಕರು ಒಂದೇ.

ಬಿಸಿನೀರು, ತಪ್ಪು ಬೋಗಿ

ಬುಡಾಪೆಸ್ಟಿಗೆ ಹೋಗುವ ಹೆಣ್ಣುಮಕ್ಕಳು ಈಜುಡುಗೆ ಇಟ್ಟುಕೊಳ್ಳಿ. ಮೂವತ್ತು ದಾಟಿದ ದಾವಣಗೆರೆಯ ಮೂವರು ಅಂಗಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಅದನ್ನು ಕೊಂಡೆವು. ಸೇಚೆನಿ ಸ್ನಾನಗೃಹ 1913ರದು, ಹಳದಿ ಅರಮನೆಯ ಅಂಗಳದಲ್ಲಿ ಬಿಸಿನೀರಿನ ಕೊಳಗಳು. ಹೊರಗೆ ಚಳಿ, ಎದೆಮಟ್ಟ ಬಿಸಿನೀರು, ಅದರಲ್ಲೇ ನಿಂತು ಚದುರಂಗ ಆಡುತ್ತಿರುವ ಹೊಟ್ಟೆ ಬಿಟ್ಟ ಗಂಡಸರು. ಯಾರೂ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಹತ್ತು ನಿಮಿಷಕ್ಕೆ ಸವಿತಾ ಕಣ್ಣು ಮುಚ್ಚಿ ತೇಲುತ್ತಿದ್ದಳು. ಎರಡೂವರೆ ವಾರದ ಸುತ್ತಾಟದಲ್ಲಿ ಅವಳು ಸೂಟ್‌ಕೇಸನ್ನು ಮರೆತದ್ದು ಅದೊಂದೇ ಸಲ.

ಪ್ರಾಗ್‌ಗೆ ರಾತ್ರಿ ರೈಲು ಹಿಡಿದೆವು. ಪಾಸ್ ಇರುವವರಿಗೆ ರಾತ್ರಿ ರೈಲು ಹತ್ತಿದ ದಿನವಷ್ಟೇ ಲೆಕ್ಕಕ್ಕೆ ಬರುತ್ತದೆ, ಮಧ್ಯರಾತ್ರಿಯ ನಂತರ ಬೇರೆ ರೈಲಿಗೆ ಬದಲಾಯಿಸದಿದ್ದರೆ. ಅಲ್ಲಿನ ತಪ್ಪು ನನ್ನದೇ. ರೈಲು ಒಂದೇ ಆದರೂ ಬೋಗಿಗಳು ಒಂದೇ ಊರಿಗೆ ಹೋಗುವುದಿಲ್ಲ. ದಾರಿಯಲ್ಲಿ ಬಿಡಿಸಿ ಬೇರೆ ಬೇರೆ ಎಂಜಿನ್‌ಗೆ ಜೋಡಿಸುತ್ತಾರೆ. ಹೊರಡುವ ಗಡಿಬಿಡಿಯಲ್ಲಿ ಹತ್ತಿರದ ಬಾಗಿಲಿನಿಂದ ಹತ್ತಿ, ಖಾಲಿ ಇದ್ದ ಕೋಣೆಯಲ್ಲಿ ಚೀಲ ಇಟ್ಟು, ಹುಂಡಿಯನ್ನು ತಲೆಯಡಿ ಇಟ್ಟುಕೊಂಡು ಮಲಗಿಬಿಟ್ಟಿದ್ದೆ. ಸವಿತಾ ನನ್ನ ಹಿಂದೆಯೇ ಬಂದವಳು, ನಾನು ಫಲಕ ಓದಿದ್ದೇನೆ ಎಂದುಕೊಂಡಳು. ಟಿಕೆಟ್ ನೋಡಲು ಬಂದವರು ನಮ್ಮಿಬ್ಬರನ್ನು ಎಬ್ಬಿಸಿ “ಪೋಲೆಂಡ್?” ಎಂದು ಕೇಳಿದರು. ಇಬ್ಬರೂ ಸೂಟ್‌ಕೇಸ್ ಎತ್ತಿಕೊಂಡು ಕತ್ತಲ ಓಣಿಯಲ್ಲಿ ಬೋಗಿಯಿಂದ ಬೋಗಿಗೆ ನಡೆದೆವು. ಆ ಮೂವರು ಅಲ್ಲಿ ಗೊರಕೆ ಹೊಡೆಯುತ್ತಿದ್ದರು, ನಾವಿಲ್ಲದ್ದು ಯಾರಿಗೂ ಗೊತ್ತಿರಲಿಲ್ಲ. ಬಾಗಿಲ ಪಕ್ಕದ ಫಲಕದಲ್ಲಿ ಬೋಗಿಯ ಸಂಖ್ಯೆ, ಕೊನೆಯ ಊರು ಎರಡನ್ನೂ ಓದಿ. ಮಲಗುವ ಮೊದಲು ತಲೆ ಎಣಿಸಿ.

ಪ್ರಾಗ್‌ನಲ್ಲಿ ಜಗಳ

ಹದಿನೇಳನೆಯ ದಿನ, ಯಾವ ದೊಡ್ಡ ಕಾರಣವೂ ಇಲ್ಲದೆ. ಶ್ರೀಧರನಿಗೆ ಚಾರ್ಲ್ಸ್ ಸೇತುವೆಯನ್ನು ಸೂರ್ಯ ಹುಟ್ಟುವಾಗ ನೋಡಬೇಕು, ಮಂಜುನಾಥನಿಗೆ ನಿದ್ದೆ ಬೇಕು. “ನಿನ್ನ ಗಡಿಯಾರವನ್ನು ನಂಬಿ ಇನ್ನೊಮ್ಮೆ ಏಳಬೇಕೇ?” ಎಂದು ಮಂಜುನಾಥ ಅಂದ. ಅಪ್ಪನ ಗಡಿಯಾರದ ಮಾತು ಬಂದರೆ ಶ್ರೀಧರ ಸುಮ್ಮನಿರುವವನಲ್ಲ. ಒಂದು ಗಂಟೆ ಯಾರೂ ಮಾತಾಡಲಿಲ್ಲ. ಆಗ ನಜ್ಮಾ, “ಸಂಜೆ ಆರರವರೆಗೆ ಯಾರೂ ಯಾರ ಮುಖವನ್ನೂ ನೋಡುವುದು ಬೇಡ” ಎಂದು ತೀರ್ಪು ಕೊಟ್ಟಳು.

ನಾನು 22ನೇ ಸಂಖ್ಯೆಯ ಟ್ರಾಮ್ ಹತ್ತಿ, ಕೋಟೆಯ ಗುಡ್ಡ ಏರಿ ಇಳಿಯುವವರೆಗೂ ಕಿಟಕಿಗೆ ತಲೆ ಆನಿಸಿ ಕೂತಿದ್ದೆ. ಯಾರ ಬಿಲ್ಲನ್ನೂ ಬರೆಯಲಿಲ್ಲ. ಸಂಜೆ ಆರಕ್ಕೆ ಐವರೂ ಹೊಸ ಹೊಸ ಸುದ್ದಿ ಹೊತ್ತು ಬಂದರು. ಮಂಜುನಾಥ ಹುರಿದ ಚೀಸಿನ ಅಂಗಡಿಯೊಂದನ್ನು ಕಂಡುಹಿಡಿದಿದ್ದ, ಶ್ರೀಧರನಿಗೂ ಕಟ್ಟಿಸಿಕೊಂಡು ಬಂದಿದ್ದ. ನಾಲ್ಕು ದಿನಕ್ಕೊಮ್ಮೆ ಅರ್ಧ ದಿನ ಬೇರೆಯಾಗುವುದನ್ನು ಮೊದಲೇ ಯೋಜನೆಯಲ್ಲಿ ಬರೆದುಕೊಳ್ಳಿ. ಸೇರುವ ಜಾಗ ಮತ್ತು ಸಮಯ ಖಚಿತವಾಗಿರಲಿ, ಮೊಬೈಲ್ ಇಲ್ಲದವನಿಗೆ ಇನ್ನೊಬ್ಬರು ಜೊತೆಯಾಗಲಿ.

ಫ್ರಾಂಕ್‌ಫರ್ಟ್, ಲೆಕ್ಕ ಮುಗಿಸುವ ದಿನ

ಜರ್ಮನಿಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಯ ಬೆಲೆಯಲ್ಲಿ 25 ಸೆಂಟ್ ಠೇವಣಿ ಸೇರಿರುತ್ತದೆ. ಖಾಲಿ ಬಾಟಲಿಯನ್ನು ದಿನಸಿ ಅಂಗಡಿಯ ಯಂತ್ರದ ಬಾಯಿಗೆ ಹಾಕಿದರೆ ಒಂದು ಚೀಟಿ ಬರುತ್ತದೆ, ಅದನ್ನು ಗಲ್ಲಾದಲ್ಲಿ ಕೊಟ್ಟರೆ ಹಣ. ಜಜ್ಜಬೇಡಿ, ಯಂತ್ರ ತೆಗೆದುಕೊಳ್ಳುವುದಿಲ್ಲ. ಏಪ್ರಿಲ್ 5ರಂದು ವಿಮಾನ ನಿಲ್ದಾಣಕ್ಕೆ ಹೊರಡುವ ಮೊದಲು ಆರು ಬಾಟಲಿ ಹಾಕಿದೆವು, ಒಂದೂವರೆ ಯೂರೊ. ಯಂತ್ರ ಗಳಗಳ ಎಂದು ಅವನ್ನು ನುಂಗುವುದನ್ನು ಐವರೂ ನಿಂತು ನೋಡಿದೆವು, ಚೀಟಿ ಹೊರಬಂದದ್ದನ್ನೂ ನೋಡಿದೆವು. ಆಮೇಲೆ ಚಾಕೊಲೇಟ್ ಸಾಲಿಗೆ ಹೋದೆವು.

ಗಲ್ಲಾದ ಮುಂದೆ ನಿಂತು ನಾನು ಕೈ ಚಾಚಿದೆ. ಸವಿತಾ ನಜ್ಮಾಳನ್ನು ನೋಡಿದಳು, ನಜ್ಮಾ ಶ್ರೀಧರನನ್ನು, ಶ್ರೀಧರ ಮಂಜುನಾಥನನ್ನು. ಮಂಜುನಾಥ ನನ್ನನ್ನು ನೋಡಿ, “ಹುಂಡಿ ನಿನ್ನ ಹತ್ತಿರ ಅಲ್ಲವೇ?” ಎಂದ. ಪುಸ್ತಕದಲ್ಲಿ ಆ ಒಂದೂವರೆ ಯೂರೊವನ್ನು ಇನ್ನೂ ಬರಬೇಕಾದ ಬಾಕಿ ಎಂದೇ ತೋರಿಸಿದ್ದೇನೆ.